ಹೊಲಿಗೆಗೆ ಬಿಟ್ಟ ಒಂದಿಂಚು

ಆ ವಾರವೆಲ್ಲ ಟೈಲರಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಿತ್ತಿಲಲ್ಲಿ ಎರಡನೆಯ ಮನೆಗೆ ಪಾಯ ತೋಡಿ ಮುಗಿದಿತ್ತು. ಮಷೀನಿನ ಮುಂದೆ ಕೂತು ನಾಲ್ಕು ಹೊಲಿಗೆ ಹಾಕುವಳು, ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಗುಂಡಿ ನೋಡುವಳು, ಮತ್ತೆ ಬಂದು ಕೂರುವಳು. ಹೀಗೆ ಹೊಲಿದರೆ ಯಾರ ಬಟ್ಟೆ ತಾನೇ ನೆಟ್ಟಗಾದೀತು? ಒಂದು ಅಂಗಿಗೆ ಎರಡೂ ಎಡಗೈಯ ತೋಳುಗಳನ್ನೇ ಕೂರಿಸಿ, ತನ್ನನ್ನು ತಾನೇ ಬೈದುಕೊಂಡು ಬಿಚ್ಚಿದಳು. ಬಿಚ್ಚುವಾಗಲೂ ಮುಖದ ತುಂಬ ನಗು.

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಅಳತೆಯಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಹೇಳಿದ ದಿನ ಬಟ್ಟೆ ಕೊಡುತ್ತಾಳೆಯೇ ಎಂದು ಮಾತ್ರ ಕೇಳಬಾರದು. ಗೋಡೆಯ ಕಪಾಟಿನಲ್ಲಿ ಕತ್ತರಿಸಿಟ್ಟ ಬಟ್ಟೆಗಳ ಗಂಟುಗಳು ಸೂರಿನವರೆಗೂ ಏರಿದ್ದವು, ಗಿರಾಕಿಗಳು ಬಂದು ಬಂದು ಚಪ್ಪಲಿ ಸವೆಸಿಕೊಂಡಿದ್ದರು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಅವನನ್ನು ಊರೆಲ್ಲ ಬ್ರೇಕಣ್ಣ ಎಂದು ಕರೆಯುತ್ತಿತ್ತು. ರಸ್ತೆಯಲ್ಲಿ ಮಾತ್ರವಲ್ಲ, ಬದುಕಿನಲ್ಲೂ ಅವನ ಕಾಲು ಬ್ರೇಕಿನ ಮೇಲೆಯೇ. ಹೊಸ ಬಕೆಟ್ ಕೊಳ್ಳಬೇಕೆಂದರೂ ಹಳೆಯದರ ತಳ ಪೂರ್ತಿ ಒಡೆಯಲಿ ಎನ್ನುವ ಪೈಕಿ. ಅಂಥವನನ್ನು ಮನೆ ಕಟ್ಟುವ ಕೆಲಸಕ್ಕೆ ಒಪ್ಪಿಸಲು ಟೈಲರಕ್ಕ ಪಟ್ಟ ಪಾಡು ಅವಳಿಗೇ ಗೊತ್ತು.

ಅವಳ ಹಟಕ್ಕೆ ಕಾರಣವಿತ್ತು. ದಿನವಿಡೀ ಕ್ಲಚ್ ಒತ್ತಿ ಒತ್ತಿ ಅವನ ಎಡ ಮೊಣಕಾಲು ಹಾಳಾಗಿತ್ತು. ಇನ್ನು ಈ ಕೆಲಸ ಬೇಡ, ಮುಂದುವರಿಸಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಡಿಪೋದವರು ತಿಂಗಳ ಕೊನೆಯೊಳಗೆ ತೀರ್ಮಾನ ತಿಳಿಸು ಎಂದಿದ್ದರು. ಬೇಕಾದರೆ ಈಗಲೇ ನಿವೃತ್ತಿ ತಗೋ, ಇಲ್ಲವಾದರೆ ಹೊಸದಾಗಿ ಶುರುವಾಗುವ ದೂರದ ರೂಟಿಗೆ ಹೋಗು, ಅಲ್ಲಿ ಇನ್ನೆರಡು ವರ್ಷ ಓಡಿಸಬೇಕು. ಪೆನ್ಷನ್ ಒಂದರಲ್ಲೇ ಸಂಸಾರ ಸಾಗದು. ಹಿತ್ತಿಲಲ್ಲಿ ಒಂದು ಪುಟ್ಟ ಮನೆ ಎದ್ದು, ಅದರಿಂದ ಬಾಡಿಗೆ ಬಂದರೆ ಸಾಗುತ್ತದೆ.

"ಪಾಯ ನಗರಸಭೆ ಆಫೀಸಿನವರ ಕೈಲಿ ಪಾಸಾಗ್ಲಿ. ಅವತ್ತೇ ಡಿಪೋಗೆ ಹೋಗಿ ಎದೆ ಮೇಲಿನ ಡ್ರೈವರ್ ಬಿಲ್ಲೆ ಬಿಚ್ಚಿಕೊಟ್ಟು ನಿವೃತ್ತಿ ತಗೊಂಡು ಬರ್ತೀನಿ. ಅದಕ್ಕೆ ಮುಂಚೆ ಮಾತ್ರ ಕೇಳ್ಬೇಡ," ಎಂದಿದ್ದ ಬ್ರೇಕಣ್ಣ.

ಅವನಿಂದ ಅಷ್ಟು ಮಾತು ಬಂದದ್ದೇ ದೊಡ್ಡದು. ಟೈಲರಕ್ಕ ಹಿಗ್ಗಿ ಹೀರೇಕಾಯಿಯಾಗಿ ಮರುದಿನವೇ ಮೇಸ್ತ್ರಿಯನ್ನು ಕರೆಸಿದ್ದಳು.

ಮನೆಯ ನಕ್ಷೆಯೇನೋ ಆಫೀಸಿನಲ್ಲಿ ಮಂಜೂರಾಗಿತ್ತು. ಆದರೆ ಆ ನೀಲಿ ಗೆರೆಗಳು, ಬಾಣಗಳು, ಇರುವೆಯಂಥ ಅಂಕಿಗಳು ಟೈಲರಕ್ಕನ ಕಣ್ಣಿಗೆ ಹಿಡಿಸಲಿಲ್ಲ. ಅದರಲ್ಲಿ ಮನೆಯೇ ಕಾಣುವುದಿಲ್ಲ ಎಂಬುದು ಅವಳ ತಕರಾರು. ಅಂಗಿಗೆ ಮಾಡುವ ಹಾಗೆ ದಪ್ಪ ಕಂದು ಕಾಗದದಲ್ಲಿ ಮನೆಗೂ ಒಂದು ಪ್ಯಾಟರ್ನ್ ಕತ್ತರಿಸಿದಳು. ಒಂದು ಇಂಚೆಂದರೆ ಒಂದು ಅಡಿ. ಬಾಗಿಲಿಗೆ ಗುಂಡಿಯ ಕಾಜಾದಂತೆ ಸೀಳು ಬಿಟ್ಟಳು, ಕಿಟಕಿಗೆ ಜೇಬಿನಂತೆ ಗುರುತು ಹಾಕಿದಳು. ಅಂಕಿ ಬರೆಯುವ ಗೋಜಿಗೇ ಹೋಗಲಿಲ್ಲ.

"ಆ ನಕ್ಷೆ ಆಫೀಸಿಗೆ, ಇದು ನಿಮಗೆ," ಎಂದು ಮೇಸ್ತ್ರಿಯ ಕೈಗಿತ್ತಳು. "ಟೇಪ್ ಹಿಡಿದು ಇದ್ದಂಗೆ ಇಳಿಸಿ. ಎಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು."

ಮೇಸ್ತ್ರಿಗೆ ಅದು ಬಹಳ ಇಷ್ಟವಾಯಿತು. ಕಾಗದವನ್ನು ಹಲಗೆಗೆ ಮೊಳೆ ಹೊಡೆದು ಹಿತ್ತಿಲಲ್ಲಿ ನಿಲ್ಲಿಸಿಕೊಂಡ. ಅಂಚಿನಿಂದ ಅಂಚಿಗೆ ಅಳೆದು, ದಾರ ಕಟ್ಟಿ, ಸುಣ್ಣದ ಪುಡಿಯ ಗೆರೆ ಎಳೆದು, ಎಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಪಾಯ ತೋಡಿಸಿದ.

ನಾಳೆ ಮಧ್ಯಾಹ್ನ ಆಫೀಸಿನ ಇಂಜಿನಿಯರ್ ಬಂದು ನೋಡುವುದೆಂದು ನಿಕ್ಕಿಯಾಗಿತ್ತು. ಬಾಡಿಗೆಗೆ ಬರಬೇಕೆಂದಿದ್ದ ನರ್ಸಮ್ಮ ಇವತ್ತೇ ಜಾಗ ನೋಡಲು ಬಂದಳು. ಅವಳೂ ಹಳೆಯ ಗಿರಾಕಿಯೇ. ಅವಳ ಎರಡು ಗೌನು ಕಪಾಟಿನಲ್ಲಿ ಯಾವ ಗಂಟಿನ ಅಡಿಯಲ್ಲೋ ಉಸಿರುಕಟ್ಟಿಕೊಂಡು ಕೂತಿದ್ದವು. ಟೈಲರಕ್ಕ ಅವಳ ಕೈಹಿಡಿದು ಗುಂಡಿ ದಾಟಿಸಿ, ಬರೀ ಮಣ್ಣಿನ ನಡುವೆ ನಿಲ್ಲಿಸಿದಳು.

"ಇದು ಅಡುಗೆಮನೆ. ಅಯ್ಯೋ, ಗೋಡೆ ಮೇಲೆ ಕಾಲಿಟ್ರಲ್ಲ, ಈ ಕಡೆ ಬನ್ನಿ. ಹಾಂ, ಇದು ಮಲಗೋ ಕೋಣೆ."

"ಮಂಚ ಕಿಟಕಿ ಹತ್ರ ಹಾಕ್ತೀನಿ ಅಕ್ಕ. ಡ್ಯೂಟಿ ಮುಗಿಸಿ ಬಂದ್ರೆ ಗಾಳಿ ಬೇಕು ನಂಗೆ," ಎಂದು ನರ್ಸಮ್ಮ ಇಲ್ಲದ ಕಿಟಕಿಯಿಂದ ಹೊರಗೆ ಇಣುಕಿದಳು. ಇಬ್ಬರೂ ಇಲ್ಲದ ಬಾಗಿಲನ್ನು ತೆಗೆದು ಮುಚ್ಚಿ ಮಾಡಿ, ಇಲ್ಲದ ಗೋಡೆಗೆ ಬಣ್ಣ ಯಾವುದೆಂದು ಚರ್ಚಿಸಿ, ಪುಟ್ಟ ಹುಡುಗಿಯರಂತೆ ನಕ್ಕರು. ಹೋಗುವಾಗ ಗೌನಿನ ವಿಷಯ ಕೇಳುವುದನ್ನೇ ನರ್ಸಮ್ಮ ಮರೆತಳು.

ಸಂಜೆ ಬ್ರೇಕಣ್ಣ ಬಂದ. ಹೆಗಲಿನ ಟವೆಲ್ಲು ಎದೆಯ ಮೇಲೆ ಇಳಿಬಿದ್ದಿತ್ತು, ಮುಖದಲ್ಲಿ ಎಂದೂ ಇಲ್ಲದ ಕಳೆ. ಏನೋ ಹೇಳಲಿಕ್ಕೆಂದು ಬಾಯಿ ತೆರೆದವನು, ಹಳೆಮನೆಗೂ ಹೊಸ ಪಾಯಕ್ಕೂ ನಡುವಿನ ಓಣಿಯಲ್ಲಿ ತಟ್ಟನೆ ನಿಂತ. ಎರಡೂ ಮೊಣಕೈ ಅಗಲಿಸಿ ನೋಡಿದ. ಎಲ್ಲಿ ಹೋದರೂ ಸಂದಿಯನ್ನು ಬಸ್ಸಿನ ಕನ್ನಡಿಯ ಲೆಕ್ಕದಲ್ಲೇ ಅಳೆಯುವುದು ಅವನ ಚಾಳಿ.

"ಏನೇ, ಇಲ್ಲಿ ಕನ್ನಡಿ ತಾಗುತ್ತೆ."

"ನಿಮ್ಮ ಬಸ್ಸನ್ನ ಇಲ್ಲಿಗೆ ಯಾರು ತರ್ತಾರೆ? ಬನ್ನಿ ಒಳಗೆ."

"ತಮಾಷೆ ಅಲ್ಲ. ಸುತ್ತ ನಾಲ್ಕು ಅಡಿ ಬಿಡ್ಬೇಕು ಅಂತ ಆಫೀಸಿನವರು ಅಂದಿದ್ರಲ್ವಾ? ಇದು ಮೂರಡಿ ಮೇಲಿಲ್ಲ."

ಟೈಲರಕ್ಕ ನಗುತ್ತಲೇ ಕೊರಳಿನ ಟೇಪು ತೆಗೆದಳು. ಅಳೆದಳು. ನಗು ಅರ್ಧಕ್ಕೇ ನಿಂತಿತು. ಕಾಂಪೌಂಡಿನ ಕಡೆ ಓಡಿ ಅಲ್ಲಿ ಅಳೆದಳು. ಅಲ್ಲೂ ಒಂದು ಅಡಿ ಕಮ್ಮಿ. ನಾಲ್ಕು ದಿಕ್ಕಿನಲ್ಲೂ ಮನೆ ಒಂದೊಂದು ಅಡಿ ಹೊರಕ್ಕೆ ಉಬ್ಬಿತ್ತು. ಹಲಗೆಯ ಮೇಲಿನ ಕಂದು ಕಾಗದವನ್ನು ಕಿತ್ತು ಬೆಳಕಿಗೆ ಹಿಡಿದಳು. ಅಂಚಿನಿಂದ ಒಂದು ಇಂಚು ಒಳಗೆ, ಅವಳೇ ಎಳೆದ ಪೆನ್ಸಿಲಿನ ಗೆರೆ ಸುತ್ತಲೂ ಮಸುಕಾಗಿ ಓಡಿತ್ತು.

ಮೂವತ್ತು ವರ್ಷದಿಂದ ಅವಳ ಕತ್ತರಿ ಗೆರೆಯ ಮೇಲೆ ಹೋದದ್ದೇ ಇಲ್ಲ. ಹೊಲಿಗೆಗೆಂದು ಒಂದಿಂಚು ಬಿಟ್ಟೇ ಅದು ಕತ್ತರಿಸುವುದು. ಮನೆಗೂ ಕೈ ಅದನ್ನೇ ಮಾಡಿತ್ತು. ಕಾಗದದ ಒಂದಿಂಚು ನೆಲದ ಮೇಲೆ ಒಂದು ಅಡಿಯಾಗಿ ಕೂತಿತ್ತು.

ಕರೆಸಿದ ಮೇಸ್ತ್ರಿ ಕಾಗದ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಹೊಲಿಗೆಗೆ ಬಿಟ್ಟಿದ್ದಾ? ನಾನೇನು ದರ್ಜಿನಾ ತಾಯಿ? ಮನೆನ ಕತ್ತರಿಸಿ ಹೊಲಿತಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಗೆರೆ ಕಾಣ್ಲಿಲ್ವಾ ನಿಮಗೆ?"

"ಕಾಣ್ತು. ಚೆಂದಕ್ಕೆ ಹಾಕಿದ್ದೀರಿ ಅಂದ್ಕೊಂಡೆ."

ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಈಗ ಅಳು ಬಂತು. ನಾಳೆ ಇಂಜಿನಿಯರ್ ಒಪ್ಪದೆ ಹೋದರೆ ಈ ಕಡೆಗೆ ಅವನ ಸರದಿ ಬರುವುದು ಮುಂದಿನ ತಿಂಗಳೇ. ಅಷ್ಟರಲ್ಲಿ ಡಿಪೋದ ಗಡುವು ಮುಗಿದಿರುತ್ತದೆ. ಈ ಬ್ರೇಕಿನ ಮನುಷ್ಯ ಪಾಯ ಪಾಸಾಗದೆ ಬಿಲ್ಲೆ ಬಿಚ್ಚುವವನಲ್ಲ. ತನ್ನ ಒಂದಿಂಚಿನಿಂದ ಅವನ ಮೊಣಕಾಲಿಗೆ ಇನ್ನೂ ಎರಡು ವರ್ಷ ಕ್ಲಚ್ಚು. ಅವಳು ಕಾಗದ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತಳು.

ನಾನು ಮೊದಲೇ ಹೇಳಿದ್ದೆ ಎಂದು ಬ್ರೇಕಣ್ಣ ಅನ್ನುತ್ತಾನೆಂದು ಕಾದಳು. ಆದರೆ ಅವನು ಪಕ್ಕದಲ್ಲಿ ಕೂತು, ಟವೆಲ್ಲನ್ನು ಎದೆಯ ಮೇಲೆ ಸರಿಮಾಡಿಕೊಂಡು ಕೇಳಿದ.

"ಅಂಗಿ ದೊಗಲೆ ಆದ್ರೆ ಏನ್ಮಾಡ್ತೀಯಾ?"

"ಒಳಗಿಂದ ಹಿಡೀತೀನಿ. ಹೊಲಿಗೆನ ಒಳಕ್ಕೆ ತಗೋತೀನಿ."

ಹೇಳಿದವಳೇ ತಲೆಯೆತ್ತಿದಳು. ಗುಂಡಿಯ ಅಗಲ ಎರಡು ಅಡಿ. ಒಳಗಿನ ಬದಿಯಲ್ಲಿ ಒಂದು ಅಡಿ ಅಗೆದು, ಆ ಮಣ್ಣನ್ನೇ ಹೊರಗಿನ ಒಂದು ಅಡಿಗೆ ತುಂಬಿ ಗಟ್ಟಿಯಾಗಿ ಬಡಿದು ದಮ್ಮಸ್ಸು ಮಾಡಿದರೆ, ಮನೆ ಸುತ್ತಲೂ ಒಂದಡಿ ಒಳಕ್ಕೆ ಸರಿಯುತ್ತದೆ! ಅವಳು ಎದ್ದು ನಿಂತ ರಭಸಕ್ಕೆ ಮೇಸ್ತ್ರಿ ಹಿಂದಕ್ಕೆ ಹಾರಿದ.

"ಆಗುತ್ತೆ ತಾಯಿ, ಆಗಲ್ಲ ಅಂತಲ್ಲ," ಎಂದು ಅವನು ತಲೆ ಕೆರೆದುಕೊಂಡ. "ಆದ್ರೆ ನಾಳೆ ನನ್ನ ಆಳುಗಳೆಲ್ಲ ಬೇರೆ ಕಡೆ. ಮಧ್ಯಾಹ್ನದೊಳಗೆ ಇಷ್ಟು ಮಣ್ಣು ಯಾರು ಅಗೀತಾರೆ?"

"ನಾನ್ ಅಗೀತೀನಿ," ಎಂದ ಬ್ರೇಕಣ್ಣ.

"ಸುಮ್ನಿರ್ರೀ! ಮನೆ ಕಟ್ತಾ ಇರೋದೇ ಆ ಮೊಣಕಾಲು ಉಳಿಸೋಕೆ. ನೀವು ಗುದ್ದಲಿ ಮುಟ್ಟಿದ್ರೆ ನೋಡಿ," ಎಂದು ಟೈಲರಕ್ಕ ಗದರಿದಳು. ಗದರುತ್ತಿದ್ದಂತೆಯೇ ಅವಳ ಕಣ್ಣು ತೆರೆದ ಬಾಗಿಲಿನಿಂದ ಒಳಗಿನ ಕಪಾಟಿನ ಮೇಲೆ ಬಿತ್ತು. ಅಲ್ಲಿ ಗಂಟುಗಳು ಸೂರು ಮುಟ್ಟಿ ಕೂತಿದ್ದವು. ಒಂದೊಂದು ಗಂಟಿಗೂ ಒಬ್ಬೊಬ್ಬ ಗಿರಾಕಿ.

ಅವಳು ಫೋನು ಕೈಗೆತ್ತಿಕೊಂಡಳು. ಎಲ್ಲರಿಗೂ ಒಂದೇ ಮಾತು. "ನಾಳೆ ಬೆಳಿಗ್ಗೆ ಸಲಿಕೆ ತಗೊಂಡು ಬನ್ನಿ. ಯಾರು ಬರ್ತಾರೋ ಅವರ ಬಟ್ಟೆ ಈ ಶನಿವಾರ ರೆಡಿ. ನನ್ನಾಣೆಗೂ."

ಬೆಳಕು ಹರಿಯುವಷ್ಟರಲ್ಲಿ ಹಿತ್ತಿಲು ತುಂಬಿತು. ಬ್ಯಾಂಕಿನ ಕ್ಯಾಷಿಯರ್ ಬಂದಳು, ಸ್ಕೂಲಿನ ಟೀಚರಮ್ಮ ಬಂದಳು, ಒಂದು ಕರಿಕೋಟಿನ ಸಲುವಾಗಿ ಹೋದ ವರ್ಷದಿಂದ ಅಲೆಯುತ್ತಿದ್ದ ವಕೀಲರು ತಾವೇ ಬಂದರು. ರಾತ್ರಿ ಡ್ಯೂಟಿ ಮುಗಿಸಿದ ನರ್ಸಮ್ಮ ನೇರವಾಗಿ ಬಂದು, "ನನ್ನ ಮನೆ ತಾನೇ," ಎಂದು ಎಲ್ಲರಿಗಿಂತ ಮೊದಲು ಗುಂಡಿಗಿಳಿದಳು. ಮೇಸ್ತ್ರಿ ಬೇರೆ ಕೆಲಸ ಬಿಟ್ಟು ತಾನೂ ಬಂದ. ತನ್ನ ಕೈಯಲ್ಲಾದ ಪಾಯವನ್ನು ಗಿರಾಕಿಗಳು ಮುಟ್ಟುವುದನ್ನು ಅವನು ಹೇಗೆ ಸಹಿಸಿಯಾನು?

ಬ್ರೇಕಣ್ಣ ರಜೆ ಎಂದಷ್ಟೇ ಹೇಳಿ ಹಳೆಯ ಬನಿಯನ್ನಿನಲ್ಲಿ ಸ್ಟೂಲ್ ಹಾಕಿ ಕೂತ. ದಾರದ ತುದಿ ಅವನ ಕೈಯಲ್ಲಿ. ಬಸ್ಸನ್ನು ರಿವರ್ಸ್ ತೆಗೆಸುವವನಂತೆ ಕೂಗತೊಡಗಿದ.

"ಬರ್ಲಿ, ಬರ್ಲಿ, ಬರ್ಲಿ! ವಕೀಲ್ರೇ, ಎಡಕ್ಕೆ ಹೊಡೀರಿ! ಬರ್ಲಿ... ಹೋಲ್ಡಾನ್!"

ಎಲ್ಲರೂ ನಕ್ಕೂ ನಕ್ಕೂ ಸುಸ್ತಾದರು, ಆದರೆ ಯಾರ ಸಲಿಕೆಯೂ ನಿಲ್ಲಲಿಲ್ಲ. ಟೈಲರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣು ಎಳೆದಳು, ತುಂಬಿದಳು, ಅದರ ಮೇಲೆ ಹತ್ತಿ ಕುಣಿದಂತೆ ತುಳಿದಳು. ಮುಂದೆ ಮೇಸ್ತ್ರಿ ದಮ್ಮಸ್ಸು ಹಾಕುತ್ತಾ ಹೋದರೆ ಹಿಂದೆ ಅವಳು ಕೊರಳಿನ ಟೇಪಿನಿಂದ ಅಳೆಯುತ್ತಾ ಬಂದಳು. ಈ ಸಲ ಹೊಲಿಗೆಗೆಂದು ಏನನ್ನೂ ಬಿಡಲಿಲ್ಲ. ಕೊನೆಯ ಮೂಲೆ ಮುಗಿದಾಗ ಗೇಟಿನ ಸದ್ದಾಯಿತು.

ಇಂಜಿನಿಯರ್ ಒಳಗೆ ಬಂದು, ಮಣ್ಣು ಮೆತ್ತಿದ ವಕೀಲರನ್ನೂ ನರ್ಸಮ್ಮನನ್ನೂ ಒಮ್ಮೆ ನೋಡಿದ.

"ಇಷ್ಟು ಸಣ್ಣ ಮನೆಗೆ ಇಷ್ಟೊಂದು ಆಳುಗಳಾ?"

"ಆಳುಗಳಲ್ಲ ಸಾರ್, ಗಿರಾಕಿಗಳು," ಎಂದ ಮೇಸ್ತ್ರಿ ಬಲು ಗಂಭೀರವಾಗಿ.

ಇಂಜಿನಿಯರ್ ಇನ್ನೇನೂ ಕೇಳಲಿಲ್ಲ. ಓಣಿ ಅಳೆದ. ಕಾಂಪೌಂಡಿನ ಮೂರೂ ಬದಿ ಅಳೆದ. ಹೊಸದಾಗಿ ತುಂಬಿದ ಮಣ್ಣನ್ನು ಬೂಟಿನಿಂದ ಒತ್ತಿ ನೋಡಿದ. ಮಣ್ಣು ಕುಸಿಯಲಿಲ್ಲ.

"ಸರಿ ಇದೆ. ನಾಳೆಯಿಂದ ಕಾಂಕ್ರೀಟ್ ಹಾಕ್ಕೊಳ್ಳಿ," ಎಂದು ಅವನು ಹೊರಟ.

ಹಿತ್ತಿಲಿಗೆ ಹಿತ್ತಿಲೇ ಹೋ ಎಂದು ಕೂಗಿತು. ಟೈಲರಕ್ಕ ಸಿಕ್ಕಿದವರನ್ನೆಲ್ಲ ತಬ್ಬಿಕೊಂಡಳು, ನಾಚಿಕೊಂಡ ಮೇಸ್ತ್ರಿಯೊಬ್ಬನನ್ನು ಬಿಟ್ಟು. ಆಮೇಲೆ ಮಣ್ಣಿನ ಕಾಲಲ್ಲೇ ಮನೆಯೊಳಗೆ ಓಡಿದಳು. ಮೊಳೆಗೆ ತೂಗುಹಾಕಿದ್ದ ಗಂಡನ ಯೂನಿಫಾರ್ಮಿನ ಅಂಗಿ ಎಳೆದು ತಂದಳು.

"ಪಾಸಾಯ್ತು! ಏಳ್ರಿ, ಹಾಕ್ಕೊಳ್ಳಿ. ಈಗಲೇ ಡಿಪೋಗೆ ಹೋಗಿ ಬಿಲ್ಲೆ..."

ಅವಳ ಬೆರಳು ಅಂಗಿಯ ಎದೆಜೇಬನ್ನು ತಡವಿತು. ಬಿಲ್ಲೆಯ ಭಾರಕ್ಕೆ ಹರಿಯದಿರಲೆಂದು ಆ ಜೇಬಿನ ಹಿಂದೆ ಎರಡು ಪದರ ಬಟ್ಟೆ ಕೊಟ್ಟು ಹೊಲಿದವಳು ಅವಳೇ. ಈಗ ಅಲ್ಲಿ ಪಿನ್ನಿನ ಎರಡು ತೂತುಗಳು ಮಾತ್ರ ಇದ್ದವು.

"ಬಿಲ್ಲೆ ಎಲ್ಲಿ?"

"ಕೊಟ್ಟೆ."

"ಯಾವಾಗ?"

"ನಿನ್ನೆ, ಮನೆಗೆ ಬರೋಕೆ ಮುಂಚೆ." ಬ್ರೇಕಣ್ಣ ಸ್ಟೂಲಿನಿಂದ ಏಳಲಿಲ್ಲ, ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದ. "ಅದನ್ನೇ ಹೇಳೋಣ ಅಂತ ಬಂದೆ. ಓಣಿ ಹಾಗಿತ್ತು. ನೀನು ಆ ಕಾಗದ ಹಿಡ್ಕೊಂಡು ಅಳ್ತಾ ಕೂತ್ಬಿಟ್ಟೆ. ಆಗ ಹೇಳಿದ್ರೆ ನಿನ್ನ ಕೈಕಾಲೇ ಆಡ್ತಿರ್ಲಿಲ್ಲ."

ಟೈಲರಕ್ಕನಿಗೆ ಸಿಟ್ಟು, ನಗು, ಅಳು ಒಟ್ಟಿಗೇ ಉಕ್ಕಿತು. ಕೆಲಸ ಕೈಬಿಟ್ಟು ಬಂದು, ಪಾಯ ತಪ್ಪಿದೆ ಎಂದೂ ತಾನೇ ಕಂಡುಹಿಡಿದು, ಮನುಷ್ಯ ಇಡೀ ರಾತ್ರಿ ಅದನ್ನು ಟವೆಲ್ಲಿನಡಿ ಮುಚ್ಚಿಟ್ಟುಕೊಂಡಿದ್ದ! ಅಂಗಿಯಿಂದಲೇ ಅವನ ಬೆನ್ನಿಗೊಂದು ಬಾರಿಸಿದಳು.

"ಬಕೆಟ್ಟಿನ ತಳ ಒಡೀದೆ ಇನ್ನೊಂದು ಬಕೆಟ್ ಕೊಳ್ಳದವ್ರು ನೀವು! ಪಾಸಾಗೋಕೆ ಮುಂಚೆ ಹೇಗ್ರೀ ಕೊಟ್ಬಿಟ್ರಿ?"

"ಅಳತೆ ನಿಂದಲ್ವಾ?" ಎಂದ ಬ್ರೇಕಣ್ಣ. "ಇಷ್ಟು ವರ್ಷದಲ್ಲಿ ಅದು ಯಾವತ್ತು ತಪ್ಪಿತ್ತು ಹೇಳು."

ಟೈಲರಕ್ಕ ಅಂಗಿಯನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡಳು. ಅತ್ತ ಗಿರಾಕಿಗಳು ಶನಿವಾರ ಯಾರ ಬಟ್ಟೆ ಮೊದಲೆಂದು ಆಗಲೇ ಜಗಳ ಶುರುಮಾಡಿದ್ದರು. ಅವಳು ಒಳಗೆ ಹೋಗಿ, ಕೈ ತೊಳೆದು, ಎಲ್ಲರ ಗಂಟುಗಳನ್ನೂ ಪಕ್ಕಕ್ಕೆ ಸರಿಸಿ, ಸೂಜಿಗೆ ದಾರ ಪೋಣಿಸಿದಳು. ಗಂಡನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಜೇಬಿನ ಮೇಲಿನ ಆ ಎರಡು ತೂತುಗಳನ್ನು ಮುಚ್ಚತೊಡಗಿದಳು.