ಮೊದಲ ಹೆಸರಿಲ್ಲದ ಬಹಿರಂಗ ಪತ್ರ

ಟುನೀಷಿಯಾದ ಒಂದು ಗುಡ್ಡದೂರಿನಲ್ಲಿ ಆಲಿವ್ ಕೀಳಲು ಹೋಗುವ ಹೆಂಗಸರಿಗೆ ಕೂತು ಹೋಗುವ ಭಾಗ್ಯವಿಲ್ಲ. ಕೂಲಿಯವರನ್ನು ತೋಟಕ್ಕೆ ಸಾಗಿಸುವ ಹಮ್ಮಾದಿಯ ಟ್ರಕ್ಕಿನ ಹಿಂಭಾಗದಲ್ಲಿ ಕುರಿಗಳಂತೆ ನಿಂತೇ ಹೋಗಬೇಕು. ಕೂತರೆ ಹೆಚ್ಚು ಜಾಗ ಹಿಡಿಯುತ್ತಾರೆಂದು ಆ ಮಹಾನುಭಾವ ಟ್ರಕ್ಕಿನ ನೆಲದ ಹಲಗೆಗೆ ನೀರು ಬೇರೆ ಸುರಿದಿಡುತ್ತಾನೆ! ಹಾಗೆ ನಿಂತು ಹೋಗುವಾಗಲೇ ಮಬ್ರೂಕಾಳ ಮಗಳು ದಲೀಲಾ ತಿರುವಿನಲ್ಲಿ ಕೆಳಗೆ ಬಿದ್ದು ಸೊಂಟ ಮುರಿದುಕೊಂಡಳು. ಹಗಲು ತೋಟದ ಕೆಲಸ, ರಾತ್ರಿ ಮಗಳ ಆರೈಕೆ. ಮಬ್ರೂಕಾ ಹೈರಾಣಾಗಿದ್ದಳು.

ಒಂದು ಸಂಜೆ ನೆರೆಮನೆಯ ಸಾಸಿಯಾ ಬಂದಳು. ಮಹಿಳಾ ಸಂಘದ ಕೆಲಸ ನೋಡಿಕೊಳ್ಳುವವಳು.

"ಅಕ್ಕಾ, ಈ ಟ್ರಕ್ಕಿನ ವಿಷಯಕ್ಕೆ ಪ್ರಾಂತಾಧಿಕಾರಿಗೆ ಬಹಿರಂಗ ಪತ್ರ ಬರೀತಿದೀವಿ. ಸಹಿ ಹಾಕ್ತೀಯಾ?"

"ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯ್ತಲ್ಲೇ! ಇನ್ನೊಂದು ಬರೆದು ಏನು ಕಡಿದು ಕಟ್ಟೆ ಹಾಕ್ಬೇಕು?"

"ಅರ್ಜಿನ ಅವರೊಬ್ರೇ ಓದೋದು. ಓದದಿದ್ರೂ ಕೇಳೋರಿಲ್ಲ. ಇದನ್ನೂ ಅವರ ಹೆಸರಿಗೇ ಬರೆಯೋದು, ಆದ್ರೆ ರೇಡಿಯೋದಲ್ಲಿ ಓದ್ತಾರೆ, ಕಾಫಿ ಅಂಗಡಿ ಗೋಡೆಗೂ ಅಂಟಿಸ್ತೀವಿ. ಊರಿಗೆಲ್ಲ ಗೊತ್ತಾದ್ಮೇಲೆ ನಂಗೆ ಗೊತ್ತಿಲ್ಲ ಅನ್ನೋಕಾಗುತ್ತಾ?"

"ಹಾಗಿದ್ರೆ ಹೆಸರಿಲ್ಲದೆ ಬರಿ. ಆ ಹಮ್ಮಾದಿಗೆ ಹಿಗ್ಗಾಮುಗ್ಗಾ ಬೈದು ಬರಿ."

"ಬೈದ್ರೆ ಜನಕ್ಕೆ ಬೈಗುಳ ನೆನಪಿರುತ್ತೆ, ದಲೀಲಾ ಮರೆತುಹೋಗ್ತಾಳೆ. ಹೆಸರಿಲ್ಲದಿದ್ರೆ ಯಾರೋ ಹೊಟ್ಟೆಕಿಚ್ಚಿಗೆ ಬರೆದ್ರು ಅಂತಾರೆ. ನಡೆದದ್ದನ್ನ ನಡೆದ ಹಾಗೇ ಬರೆಯೋಣ. ಸೀಟಿರೋ ಬಸ್ಸು ಬೇಕು ಅಂತ ಕೇಳೋಣ."

ಮಬ್ರೂಕಾ ಗೋಡೆಗೆ ಒರಗಿದಳು. "ಮೊದಲ ಹೆಸರು ಯಾರದೋ, ಅವಳನ್ನ ಅವನು ನಾಳೆಯಿಂದ ಹತ್ತಿಸ್ಕೊಳ್ಳಲ್ಲ ಕಣೇ. ಈ ಕೂಲಿ ಬಿಟ್ರೆ ನಮಗೇನಿದೆ?"

ಹಾಸಿಗೆಯಿಂದ ದಲೀಲಾಳ ದನಿ ಬಂತು.

"ಹೆಸರುಗಳನ್ನ ಸಾಲಾಗಿ ಯಾಕೆ ಬರೀತೀರಾ? ರೊಟ್ಟಿ ಥರ ದುಂಡಗೆ ಬರೀರಿ. ಆಗ ಮೊದಲೂ ಇಲ್ಲ, ಕೊನೆಯೂ ಇಲ್ಲ."

"ಅಯ್ಯೋ ನನ್ನ ಜಾಣೆ! ತಾ ಇಲ್ಲಿ ಪೆನ್ನು," ಎಂದಳು ಮಬ್ರೂಕಾ.

ಹೆಂಗಸರೆಲ್ಲ ಹಾಳೆಯಲ್ಲಿ ದುಂಡಗೆ ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ರೇಡಿಯೋದಲ್ಲಿ ಪತ್ರ ಓದಿದ ಮರುದಿನ ಹಮ್ಮಾದಿ, "ಶುರು ಮಾಡಿದೋಳು ಯಾರು?" ಎಂದು ಗುಡುಗಿದ. ದುಂಡಗಿದ್ದ ಸಹಿಗಳಲ್ಲಿ ಮೊದಲ ಹೆಸರು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಎಲ್ಲರನ್ನೂ ಬಿಟ್ಟು ಹೋದರೆ ಆಲಿವ್ ಕೀಳುವವರು ಯಾರು? ಗೊಣಗುತ್ತಲೇ ಹತ್ತಿಸಿಕೊಂಡ.

ಬಸ್ಸು ಇನ್ನೂ ಬಂದಿಲ್ಲ. ಆದರೆ ಪ್ರಾಂತಾಧಿಕಾರಿಯ ಕಚೇರಿಯವರು ಮನೆಗೇ ಬಂದು, ದಲೀಲಾಳ ಪಕ್ಕ ಕೂತು, "ಹೇಗೆ ಬಿದ್ದೆ ಮಗಳೇ?" ಎಂದು ಕೇಳಿ ಬರೆದುಕೊಂಡರು. ಅದುವರೆಗೆ ಯಾವ ಅಧಿಕಾರಿಯೂ ಅದನ್ನು ಕೇಳಿರಲಿಲ್ಲ. ಮಬ್ರೂಕಾ ಅವರೆದುರೇ ಅತ್ತುಬಿಟ್ಟಳು. ಅವರು ಹೋದ ಮೇಲೆ ಕಣ್ಣೊರೆಸಿಕೊಂಡು, "ಸಾಸಿಯಾ, ಬಸ್ಸು ಬರೋವರೆಗೂ ಬರೀತಿರೋಣ ಕಣೇ," ಎಂದಳು.

ಅಕ್ಕತಂಗಿಯರೇ, ಹೇಳಿ ಹೇಳಿ ನಿಮಗೂ ಸುಸ್ತಾಗಿದೆ, ಬಲ್ಲೆವು. ಆದರೂ ಬರೆಯಿರಿ. ನಿಜವನ್ನೇ ಬರೆಯಿರಿ, ಏನು ಬೇಕೋ ಅದನ್ನು ಕೇಳಿ, ಹೆಸರು ಹಾಕಿ, ನಾಲ್ಕು ಜನರೆದುರು ಓದಿ. ಒಬ್ಬರೇ ಮಾತ್ರ ಬರೆಯಬೇಡಿ.