ಕಟ್ಟಡ ಮಂಡಳಿಗೆ ಬಿದ್ದ ಒಂದೇ ವೋಟು

ಆ ಸಲ ಡೆಲ್ಮರನ ತಲೆ ತಿಂದದ್ದು ಗವರ್ನರ್ ಯಾರಾಗುತ್ತಾರೆ ಎಂಬುದಲ್ಲ, ಮತಪತ್ರದ ಕೊನೆಯ ಪ್ರಶ್ನೆ. ರಾಜ್ಯದ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜಿಲ್ಲಾ ಮಂಡಳಿಗಳನ್ನೆಲ್ಲ ಮುಚ್ಚಿ ರಾಜಧಾನಿಯಲ್ಲಿ ಒಂದೇ ಪ್ರಾಧಿಕಾರ ಮಾಡಬೇಕೇ? ಹೌದು, ಇಲ್ಲವೇ ಬೇಡ.

ಅವನ ಹೆಂಡತಿ ಲವಾನ್, ಹ್ಯಾಡ್ಲಿ ಎಂಬ ಜಿಲ್ಲೆಯ ಮಂಡಳಿಗೆ ಅಧ್ಯಕ್ಷೆ. ಅವಳು ಮದುವೆಯಾದದ್ದು ತನ್ನನ್ನೋ ಆ ಮಂಡಳಿಯನ್ನೋ ಎಂಬ ಅನುಮಾನ ಡೆಲ್ಮರನಿಗೆ ಹಳೆಯದು. ಸೂಪು ಬಟ್ಟಲಿಗೆ ಬೀಳುವ ಹೊತ್ತಿಗೆ ಸರಿಯಾಗಿ ಯಾವುದೋ ಕಚೇರಿಯನ್ನು ಬೆಚ್ಚಗಿಡುವ ಬಾಯ್ಲರ್ ಕೆಡುತ್ತಿತ್ತು, ಇವಳು ಕಾರು ಹತ್ತುತ್ತಿದ್ದಳು. ಮಂಡಳಿ ಮುಚ್ಚಿದರೆ ಹೆಂಡತಿ ಮನೆಗೆ ಬರುತ್ತಾಳೆ. ಅವನಿಗೆ ಬೇಕಿದ್ದದ್ದು ಅಷ್ಟೇ.

ಆದರೆ ಲವಾನ್ ಮನೆಮನೆಯ ಮುಂದಿನ ಹುಲ್ಲಿನಲ್ಲಿ 'ಬೇಡ' ಎಂಬ ಫಲಕ ನೆಟ್ಟುಬಂದಿದ್ದಳು. ಜನ ಅವಳ ಆಪಲ್ ಪೈ ತಿಂದು, "ನಮ್ಮ ವೋಟು ನಿಂಗೇ ಬಿಡಮ್ಮ" ಎಂದು ಬಾಯಿ ಒರೆಸಿಕೊಂಡಿದ್ದರು. ಡೆಲ್ಮರನೂ ಮಾತು ಕೊಟ್ಟಿದ್ದ.

ಮತ ಹಾಕಲು ಚರ್ಚಿನ ಹಾಲ್‌ನಲ್ಲಿ ಮರೆಗೆ ನಿಂತಾಗ ಅವನ ಪೆನ್ನು 'ಹೌದು' ಕಡೆಗೇ ಹೋಯಿತು. ಯಾರು ನೋಡುತ್ತಾರೆ? ಅಷ್ಟರಲ್ಲಿ, ಚಳಿಯಲ್ಲಿ ಫಲಕ ಬಡಿಯುತ್ತಿದ್ದ ಹೆಂಡತಿಯ ಕೆಂಪು ಮೂಗು ನೆನಪಾಯಿತು. ಹಲ್ಲು ಕಚ್ಚಿಕೊಂಡು 'ಬೇಡ' ಎಂದು ಗುರುತು ಹಾಕಿದ.

ಮತದಾನ ಮುಗಿದ ಮೇಲೆ ಆ ಬೂತಿನ ಎಣಿಕೆಯನ್ನು ಅದೇ ಹಾಲ್‌ನ ಬಾಗಿಲಿಗೆ ಅಂಟಿಸುವುದು ಅಲ್ಲಿನ ರೂಢಿ. ಸಂಜೆ ಗಂಡಹೆಂಡಿರು ಒಟ್ಟಿಗೇ ಹೋಗಿ ನೋಡಿದರು. ಪೈ ತಿಂದ ಊರಿಗೆ ಊರೇ 'ಹೌದು' ಎಂದಿತ್ತು. 'ಬೇಡ' ಎಂದದ್ದು ಒಂದೇ ಒಂದು ವೋಟು.

ಡೆಲ್ಮರನಿಗೆ ಹೊಳೆದದ್ದು ಒಂದೇ. ಲವಾನ್ ಆ ಒಂದನ್ನು ತಾನೇ ಹಾಕಿದ ವೋಟು ಎಂದುಕೊಳ್ಳುತ್ತಾಳೆ, ಕಟ್ಟಿಕೊಂಡ ಗಂಡನೂ ಕೈಕೊಟ್ಟ ಎನ್ನುತ್ತಾಳೆ. ಇನ್ನು ಬದುಕಿರುವಷ್ಟು ದಿನ ಯಾವ ಬಾಯಲ್ಲಿ ಸೂಪು ಕೇಳುವುದು?

"ದೇವರಾಣೆ ಕಣೇ, ನಾನು 'ಬೇಡ' ಅಂತಲೇ ಹಾಕಿದ್ದು!"

ಲವಾನ್ ಗಕ್ಕನೆ ತಿರುಗಿದಳು. "ಅಯ್ಯೋ, ಆ ಒಂದು ನಿಂದಾ?"

"ಹೂಂ. ಮತ್ತೆ... ನಿಂದೆಲ್ಲಿ ಹೋಯ್ತು?"

ಅವಳು ಕೋಟಿನ ಗುಂಡಿ ತಡಕಾಡಿದಳು. "ಸಾಕಾಗಿಹೋಗಿತ್ತು ಮಾರಾಯ. ನಾನಾಗಿ ಬಿಡ್ತೀನಿ ಅನ್ನೋಕೆ ನಾಚಿಕೆ. ಊರವರೇ ಬಿಡಿಸ್ಲಿ ಅಂತ ಕಾದ್ರೆ, ಎಲ್ರೂ 'ವೋಟು ನಿಂಗೇ' ಅಂದ್ಬಿಟ್ರು! ಎಲ್ಲಿ ಗೆದ್ದುಬಿಡ್ತೀನೋ ಅಂತ ಹೆದರಿ ನಾನೇ 'ಹೌದು' ಹಾಕ್ಬಂದೆ."

ಡೆಲ್ಮರನಿಗೆ ಕುಣಿಯುವಷ್ಟು ಸಂತೋಷವಾಯಿತು. ಲವಾನ್ ಅವನ ತೋಳಿಗೊಂದು ಗುದ್ದಿದಳು.

"ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಇದೊಂದೇ ಸಲ. ಅದೂ ಇವತ್ತೇ ಕೇಳ್ಬೇಕಿತ್ತೇನೋ?"