ಎಡಗಡೆ ಬಟನ್ ಅವಳದು

ಸೋಪಿನ ವಾಸನೆ, ಬಿಸಿ ಬಟ್ಟೆಯ ವಾಸನೆ, ಯಾರದೋ ಜೇಬಿನಲ್ಲಿ ಮರೆತ ನಾಣ್ಯ ವಾಷಿಂಗ್ ಮೆಷಿನ್ನೊಳಗೆ ಟಣ್ ಟಣ್ ಅಂತ ಸುತ್ತುತ್ತಿದೆ, ನಮ್ಮದೇ ಇರಬೇಕು, ನನ್ನ ಪ್ಯಾಂಟೇ ಇರಬೇಕು, ಬೈಸಿಕೊಳ್ಳುವುದು ಹೇಗೂ ಇದ್ದದ್ದೇ — ಇರಲಿ, ಈಗ ಕಣ್ಣು ಗುಂಡಿನ ಮೇಲಿರಬೇಕು, ಸ್ಕೋರಿನ ಮೇಲಲ್ಲ, ಇದನ್ನೇ ಅಲ್ಲವೇ ನಾನು ಚೂಟಿಗೆ ಪ್ರತಿ ಶನಿವಾರ ಹೇಳುವುದು, ಹೊಸದಾಗಿ ಆಡುವವರು ಸ್ಕೋರು ನೋಡಬಾರದು, ಹೊಸದಾಗಿ ಗಾಡಿ ಕಲಿಯುವವರು ಸ್ಪೀಡಿನ ಮುಳ್ಳು ನೋಡಬಾರದು, ಎರಡೂ ಒಂದೇ. ಲಾಂಡ್ರಿಯ ಮೂಲೆಯಲ್ಲಿರುವ ಈ ಹಳೇ ಪಿನ್‌ಬಾಲ್ ಮೆಷಿನ್ನಿನ ಮುಂದೆ ನಾನೂ ಚೂಟಿಯೂ ಭುಜಕ್ಕೆ ಭುಜ ತಾಗಿಸಿ — ತಾಗಿಸಿ ಎಲ್ಲಿ ಬಂತು, ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಾಳೆ — ನಿಂತಿದ್ದೇವೆ, ಎಡಗಡೆ ಬಟನ್ ಅವಳದು, ಬಲಗಡೆಯದು ನನ್ನದು, ಇದು ಕೊನೆಯ ಗುಂಡು, ಮೀರಿಸಬೇಕಾಗಿರುವುದು ಅವಳಮ್ಮನ ಸ್ಕೋರನ್ನು, ಅವಳಮ್ಮ ಅಂದರೆ ನನ್ನ ಹೆಂಡತಿ, ಹಿಂದೆ ಬೆಂಚಿನ ಮೇಲೆ ಕೂತು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಾಳೆ, ಒಂದಕ್ಕೂ ಸಿಕ್ಕ ಹಾಗಿಲ್ಲ.

ಆಟ ದೊಡ್ಡ ವಿದ್ಯೆಯೇನಲ್ಲ, ಉಕ್ಕಿನ ಗುಂಡು ಇಳಿಜಾರಿನಲ್ಲಿ ಉರುಳಿ ಬರುತ್ತದೆ, ಬಟನ್ ಒತ್ತಿದರೆ ಕೆಳಗಿನ ರೆಕ್ಕೆ ಎದ್ದು ಅದನ್ನು ಮೇಲಕ್ಕೆ ಬಾರಿಸುತ್ತದೆ, ತಪ್ಪಿದರೆ ಎರಡು ರೆಕ್ಕೆಗಳ ನಡುವಿನ ಸಂದಿಯಲ್ಲಿ ಗುಳುಂ — ಅದಕ್ಕೇ ಹೊಸಬರಿಗೆ ನಾನು ಹೇಳುವುದು, ಅಂಕ ಗಿಂಕ ಮರೆತುಬಿಡು, ಗುಂಡು ಬದುಕಿದ್ದರೆ ಅಂಕ ತಾನಾಗಿ ಬರುತ್ತೆ, ಎರಡೂ ರೆಕ್ಕೆ ಒಟ್ಟಿಗೆ ಎತ್ತಬೇಡ, ಎತ್ತಿದರೆ ನಡುವೆ ಬಾಗಿಲು ತೆರೆದಿಟ್ಟ ಹಾಗೆ. ಸ್ವಲ್ಪ ಕೈ ಕುದುರಿದವರಿಗೆ ಬೇರೆ ಪಾಠ, ಕಂಡದ್ದಕ್ಕೆಲ್ಲ ಹೊಡೆಯಬೇಡ, ಮೇಲಿನ ಮೂರು ದೀಪ ಹತ್ತಿಸು, ಮೂರೂ ಹತ್ತಿದರೆ ಬೋನಸ್ ದುಪ್ಪಟ್ಟು, ಮಿಕ್ಕಿದ್ದು ಆಮೇಲೆ. ಇನ್ನು ಕೈ ಪಳಗಿದವರು, ಅಂದರೆ ನಾನು — ಹೌದು ನಾನೇ, ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಇಷ್ಟು ವರ್ಷ ಜೀವ ಕೈಯಲ್ಲಿ ಹಿಡಿದು ಕೂತವನಿಗೆ ಇಷ್ಟಾದರೂ ಜಂಭ ಬೇಡವೇ — ಅವರು ಹೊಡೆಯುವುದು ಕಡಿಮೆ, ಹಿಡಿಯುವುದು ಹೆಚ್ಚು, ರೆಕ್ಕೆಯನ್ನು ಎತ್ತಿ ಹಾಗೇ ಹಿಡಿದರೆ ಅದರ ಬುಡದಲ್ಲಿ ಒಂದು ಮಡಿಲಾಗುತ್ತದೆ, ಗುಂಡು ಬಂದು ಅಲ್ಲಿ ತೆಪ್ಪಗೆ ಕೂರುತ್ತದೆ, ಆಗ ಉಸಿರು ತಗೋಬಹುದು, ಮೂಗು ಕೆರೆದುಕೊಳ್ಳಬಹುದು, ಯಾವ ದೀಪ ಅಂತ ಯೋಚಿಸಬಹುದು. ನನ್ನ ಹೆಂಡತಿ ಈ ಯಾವ ಲೆಕ್ಕಕ್ಕೂ ಸಿಗುವವಳಲ್ಲ, ಕಣ್ಣು ಅರ್ಧ ಮುಚ್ಚಿ ಎರಡೂ ಬಟನ್ ಒಟ್ಟಿಗೆ ಕುಟ್ಟುತ್ತಾಳೆ, ಬಿದ್ದು ಬಿದ್ದು ನಗುತ್ತಾಳೆ, ಗುಂಡಿಗೇ ತಲೆ ಕೆಟ್ಟು ಎಲ್ಲ ದೀಪ ಹತ್ತಿಸಿಬಿಡುತ್ತದೆ, ನನ್ನ ಹತ್ತಿರ ಗಾಡಿ ಕಲಿಯಲು ಬಂದಾಗಲೂ ಹೀಗೇ, ಬ್ರೇಕು ಯಾವ ಕಾಲಿಗೆ ಅಂತ ಕೊನೆಗೂ ತಲೆಗೆ ಹೋಗಲಿಲ್ಲ, ಅವಳು ಗಾಡಿ ಕಲಿಯಲಿಲ್ಲ, ನಾನು ಮದುವೆಯಾಗಿಬಿಟ್ಟೆ. ಏನ್ ಮಾಸ್ತರೇ, ಇವತ್ತಾದ್ರೂ ನನ್ನ ಸ್ಕೋರು ಮುಟ್ತೀರಾ ಇಬ್ರೂ, ಒಂಟಿ ಕಾಲುಚೀಲ ಆಡಿಸುತ್ತಾ ಕೇಳುತ್ತಾಳೆ, ಮುಟ್ತೀವಿ, ಸುಮ್ನಿರಮ್ಮ ನೀನು, ಅನ್ನುತ್ತಾಳೆ ಚೂಟಿ.

ನೀನು. ಅಮ್ಮನಿಗೆ ನೀನು, ಸೋದರಮಾವನಿಗೆ ನೀನು, ಮೇಲಿನ ಮನೆಯ ಬೆಕ್ಕಿಗೆ ನೀನು, ಬೇರೆ ಊರಿನಲ್ಲಿರುವ ಅವಳಪ್ಪ ಫೋನ್ ಮಾಡಿದಾಗ, ಊಟ ಆಯ್ತೇನಪ್ಪಾ ನಿಂದು, ಬಾಗಿಲಾಚೆಯಿಂದ ಕೇಳಿಸುತ್ತದೆ, ಒಳ್ಳೆಯದೇ, ಹಾಗೇ ಇರಬೇಕು — ನನಗೊಬ್ಬನಿಗೆ ನೀವು, ಇಲ್ನೋಡಿ, ಕೇಳಿಸ್ತಾ, ಅಮ್ಮ ಕರೀತಿದಾಳೆ ಬನ್ನಿ, ಎಲ್ಲ ಬಹುವಚನ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡಿದ ಹಾಗೆ. ಅಪ್ಪ ಅನ್ನಲಿ ಅಂತ ನನಗಿಲ್ಲ, ಆ ಮಾತಿಗೆ ಯಜಮಾನ ಇದ್ದಾನೆ, ಆದರೆ ಒಂದೇ ಒಂದು ಸಲ ನೀನು ಅಂದುಬಿಟ್ಟರೆ, ಬೇಕಾದರೆ ಸಿಟ್ಟಿನಲ್ಲೇ ಅನ್ನಲಿ, ಹೋಗ್ ಆಚೆ ನೀನು ಅನ್ನಲಿ, ನನಗಷ್ಟು ಸಾಕು. ನಾನೇ ಹೇಳ್ಲಾ ಅವಳಿಗೆ, ಅಂದಿದ್ದಳು ಹೆಂಡತಿ, ಬೇಡ ಬೇಡ, ಹೇಳಿಸಿಕೊಂಡು ಅಂದರೆ ಅದೇನು ಚೆಂದ. ಅದಕ್ಕೇ ಈ ಶನಿವಾರಗಳು, ಅದಕ್ಕೇ ಈ ಗುಂಡು, ಇಲ್ಲದಿದ್ದರೆ ನನಗೇನು ಬೇರೆ ಕೆಲಸವಿಲ್ಲವೇ.

ಆದರೆ ಹೋದ ಗುಂಡಿನಲ್ಲಿ ಎಡವಟ್ಟಾದದ್ದು ನನ್ನ ಬಾಯಿಂದಲೇ — ಎಷ್ಟು ಚೆನ್ನಾಗಿ ಚೂಟಿ ಗುಂಡನ್ನು ಎಡಗಡೆಯ ಮಡಿಲಿಗೆ ಹಾಕಿಕೊಂಡಿದ್ದಳು, ಮೊದಲ ಸಲ, ತುಟಿ ಕಚ್ಚಿಕೊಂಡು, ಗುಂಡು ಮಡಿಲಲ್ಲಿ ಮಗುವಿನ ಹಾಗೆ ಕೂತಿತ್ತು, ನನಗೆ ಹೆಮ್ಮೆ ತಡೆಯಲಾಗಲಿಲ್ಲ, ಅಮ್ಮನ ಸ್ಕೋರು ಇನ್ನೂ ಎಷ್ಟು ದೂರ ಇದೆ ನೋಡಿ, ಅಂದಳು, ಅಯ್ಯೋ ಅದನ್ನ ಬಿಡು, ಅಂದೆ ನಾನು, ಸ್ಕೋರಿನ ಯೋಚನೆ ಬಿಡು ಅಂತ ನನ್ನ ಅರ್ಥ, ಅವಳು ಬಟನ್ ಬಿಟ್ಟಳು, ರೆಕ್ಕೆ ಬಿತ್ತು, ಗುಂಡು ಆರಾಮಾಗಿ ಉರುಳಿಕೊಂಡು ಸಂದಿಗೆ ಹೋಯಿತು. ದಿನವಿಡೀ ಕ್ಲಚ್ ಬಿಡಿ, ನಿಧಾನಕ್ಕೆ ಬಿಡಿ ಅಂತ ಕೂಗುವ ಬಾಯಿ ಇದು, ಆ ಒಂದು ಮಾತಿಗೆ ಎಷ್ಟು ಮುಖ ಅಂತ ಗೊತ್ತಿರಬೇಡವೇ — ಚಿಂತೆ ಬಿಡು, ದಾರಿ ಬಿಡು, ಕೈ ಬಿಡು, ಅವಳಪ್ಪ ಬಿಟ್ಟು ಹೋದದ್ದೂ ಅದೇ ಮಾತಿನಲ್ಲಿ. ನೀವೇ ಅಲ್ವಾ ಬಿಡು ಅಂದಿದ್ದು, ಕಣ್ಣು ತುಂಬಿಕೊಂಡಿತ್ತು, ತಪ್ಪು ನಂದೇ ಚೂಟಿ, ನಾ ಹೇಳಿದ್ದು ಸ್ಕೋರಿನ ಮಾತು, ಅವಳು ಮೂಗೊರೆಸಿಕೊಂಡು, ಪರವಾಗಿಲ್ಲ, ಬಿಡಿ, ಅಂದಳು. ಬಿಡಿ. ಒಂದು ಬೈಗುಳ ಬೈದಿದ್ದರೆ ಎಷ್ಟೋ ವಾಸಿಯಿತ್ತು, ಆ ಮರ್ಯಾದೆ ನೆಟ್ಟಗೆ ಎದೆಗೇ ಚುಚ್ಚಿತು. ಆಮೇಲೆ ಸ್ಪ್ರಿಂಗ್ ಎಳೆದು ಈ ಗುಂಡು ಹಾಕಿದೆವು.

ಬಂತು, ಎಡಕ್ಕೆ ಬಂತು, ನಿಂದು ನಿಂದು, ಬಾರಿಸಿದಳು, ಒಂದು ದೀಪ ಹತ್ತಿತು, ಭಲೇ, ಮೇಲೆ ಟಪಟಪ ಬಡಿದಾಡಿ ಬಲಕ್ಕೆ ಇಳಿಯುತ್ತಿದೆ, ನಾನು, ಎರಡನೇ ದೀಪ, ಹಿಂದೆ ಬೆಂಚು ಕಿರ್ರೆಂದಿತು, ಹೆಂಡತಿ ಎದ್ದು ಬಂದಿದ್ದಾಳೆ, ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿದೆ, ಅಯ್ಯಯ್ಯೋ ನನ್ನ ಸ್ಕೋರು ಹೋಯ್ತು ಅನ್ನಿ, ಮಾತಾಡಿಸ್ಬೇಡಮ್ಮ, ಆ ಗೇಣು ಜಾಗ ಯಾವಾಗ ಹೋಯಿತೋ, ಚೂಟಿಯ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿದೆ, ತಿವಿಯಲಿ, ಗುಂಡು ಗೋಡೆಗೆ ಹೊಡೆದು ತಿರುಗಿ ಬಂತು, ಹೊಡೆಯಬೇಡ, ಹಿಡಿ, ಎತ್ತಿ ಹಿಡಿದೆ, ಉರುಳಿತು, ಏರಿತು, ಇಳಿಯಿತು, ಕೂತಿತು. ಬಲಗಡೆಯ ಮಡಿಲಲ್ಲಿ ಗುಂಡು. ಮೂರನೇ ದೀಪ ಎಡಗಡೆ ಮೇಲಿದೆ, ಇಲ್ಲಿಂದ ನೇರ ದಾರಿ, ರೆಕ್ಕೆ ಬಿಡಬೇಕು, ಗುಂಡು ತುದಿಗೆ ಉರುಳುವಾಗ ಬಾರಿಸಬೇಕು, ಅಷ್ಟೇ, ಕಣ್ಣು ಮುಚ್ಚಿ ಮಾಡಬಲ್ಲೆ, ಒಂದು ಉಸಿರು ತಗೋತೀನಿ — ಇನ್ನೂ ಏನ್ ಕಾಯ್ತಿದೀಯ, ಬಿಡು, ಬಿಡು ನೀನು.

ಏನಂದಳು ಚೂಟಿ. ಹೆಂಡತಿಯ ಉಸಿರು ನಿಂತಿದೆ, ಅವಳಿಗೂ ಕೇಳಿಸಿದೆ, ಹಾಗಾದರೆ ಸುಳ್ಳಲ್ಲ, ಅಂದವಳಿಗೇ ಗೊತ್ತಾಗಿಲ್ಲ, ಅವಳ ಕಣ್ಣು ಗುಂಡಿನ ಮೇಲಿದೆ, ನಾನೇ ಕಲಿಸಿದ್ದು, ಕಣ್ಣು ಗುಂಡಿನ ಮೇಲೆ — ಬಿಡು ಅಂದ್ನಲ್ಲಾ, ಯಾಕ್ ಹಿಂಗ್ ನಿಂತ್ಕೊಂಡಿದೀಯ — ಬಿಡಬೇಕು, ಬೆರಳು ಬಟನ್ನಿನ ಮೇಲಿದೆ, ಬಿಟ್ಟರೆ ದೀಪ ಹತ್ತುತ್ತದೋ ಇಲ್ಲವೋ, ಆಟ ಮುಗಿಯುತ್ತದೆ, ಬಟ್ಟೆ ಒಣಗುತ್ತದೆ, ಮತ್ತೆ ಬನ್ನಿ ಹೋಗೋಣ ಅನ್ನುತ್ತಾಳೋ ಏನೋ, ಬಿಡಬೇಕು, ಇಷ್ಟು ಜನಕ್ಕೆ ಬಿಡುವುದನ್ನು ಕಲಿಸಿದವನು, ನನಗೇ ಬರುತ್ತಿಲ್ಲ, ಬಿಡು ಅನ್ನುತ್ತಿದ್ದಾಳೆ, ರೆಕ್ಕೆ ಎದ್ದೇ ಇದೆ, ಮೊಣಕೈ ಪಕ್ಕೆಯಲ್ಲೇ ಇದೆ, ಮಡಿಲಲ್ಲಿ ಗುಂಡು, ಅದರ ಹೊಳಪಿನಲ್ಲಿ ನಮ್ಮಿಬ್ಬರ ಎರಡು ಪುಟ್ಟ ತಲೆ, ಮಡಿಲಲ್ಲಿ ಗುಂಡು